ಸಿಲಿಂಡರಿಗೆ ಉಡಿ ತುಂಬಿಸುವ ಮಾವ

ನನ್ನ ಸೋದರಮಾವನ ಮುಂದೆ ನೀವು ಏನು ಬೇಕಾದರೂ ಮಾತಾಡಬಹುದು. ನಿನ್ನ ಮೆಕ್ಕೆಜೋಳಕ್ಕೆ ಹುಳ ಬಿದ್ದಿದೆ ಅನ್ನಿ, ನಿನ್ನ ಕುರಿ ಬಡಕಲು ಅನ್ನಿ, ನಿನ್ನ ಮೂಗು ಡೊಂಕು ಎಂದರೂ ನಕ್ಕು, ಚಹಾ ಕುಡಿಸಿ ಕಳಿಸುವ ಮನುಷ್ಯ. ಆದರೆ 'ಎಕ್ಸ್‌ಚೇಂಜ್' ಎಂಬ ಒಂದು ಮಾತು ಬಾಯಿಂದ ಬಂತೋ, ಮುಗಿಯಿತು! ಕುಡಿಯುತ್ತಿದ್ದ ಚಹಾವನ್ನೂ ಕಿತ್ತುಕೊಂಡಾನು.

ತಮಾಷೆ ಏನೆಂದರೆ, ಈ ಮನುಷ್ಯನ ಮದುವೆಯೇ ಒಂದು ಎಕ್ಸ್‌ಚೇಂಜ್! ನಮ್ಮ ಕಡೆ ಅದಕ್ಕೆ ಸಾಟಿ ಮದುವೆ ಅನ್ನುತ್ತಾರೆ. ಹೆಣ್ಣು ಕೊಟ್ಟು ಹೆಣ್ಣು ತರುವುದು. ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಿಂದ ಮಾವನ ತಂಗಿ ಸೊರಬ ತಾಲ್ಲೂಕಿನ ಹೊಸಬಾಳೆಗೆ ಸೊಸೆಯಾಗಿ ಬಂದಳು. ಅವಳೇ ನನ್ನ ಅವ್ವ. ಹೊಸಬಾಳೆಯಿಂದ ನನ್ನ ಅಪ್ಪನ ತಂಗಿ ತೊಗರ್ಸಿಗೆ ಹೋಗಿ ಮಾವನ ಹೆಂಡತಿಯಾದಳು. ಅವಳು ನನ್ನ ಅತ್ತೆ. ಒಂದೇ ಚಪ್ಪರ, ಒಂದೇ ಊಟ, ಎರಡು ಮದುವೆ. ಹೆಣ್ಣುಗಳು ಊರು ಬದಲಾಯಿಸಿದವೇ ಹೊರತು ನಾಲಿಗೆ ಬದಲಾಯಿಸಲಿಲ್ಲ. ಅವ್ವ ಹೊಸಬಾಳೆಯಲ್ಲಿ ಕೂತು ಇವತ್ತಿಗೂ 'ಐತಿ' ಅನ್ನುತ್ತಾಳೆ, ಅತ್ತೆ ತೊಗರ್ಸಿಯಲ್ಲಿ ಕೂತು 'ಎಂತದು' ಅನ್ನುತ್ತಾಳೆ.

ಎರಡೂ ಮನೆಯ ನಡುವೆ ಒಂದು ಹಸಿರು ರವಿಕೆ ಕಣವೂ ಓಡಾಡುತ್ತಿದೆ. ಅವ್ವ ತವರಿಗೆ ಹೋದರೆ ಅತ್ತೆ ಅಕ್ಕಿ, ಕಾಯಿ, ಎಲೆ ಅಡಿಕೆಯ ಜೊತೆ ಆ ಕಣವಿಟ್ಟು ಉಡಿ ತುಂಬುತ್ತಾಳೆ. ಅತ್ತೆ ತನ್ನ ತವರಿಗೆ ಬಂದರೆ ಅವ್ವ ಅದೇ ಕಣವನ್ನು ಪೆಟ್ಟಿಗೆಯಿಂದ ತೆಗೆದು ಅವಳ ಉಡಿಗೆ ಹಾಕುತ್ತಾಳೆ. ನಾನು ಕಣ್ಣು ಬಿಟ್ಟಾಗಿನಿಂದ ನೋಡುತ್ತಿದ್ದೇನೆ, ಇಬ್ಬರೂ ಅದನ್ನು ಹೊಲಿಸಿಲ್ಲ! ಪಾಪ, ಅದು ರವಿಕೆಯಾಗುವ ಆಸೆಯನ್ನೇ ಬಿಟ್ಟಿರಬೇಕು.

ಇರಲಿ, ಮಾವನ ವಿಷಯಕ್ಕೆ ಬರೋಣ. ಮಾವ ಕಸುಬಿನಲ್ಲಿ ರೈತ. ಮೆಕ್ಕೆಜೋಳ, ಒಂದಿಷ್ಟು ಭತ್ತ, ಹತ್ತಾರು ಕುರಿ. ಊರಲ್ಲಿ ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ರಾಜಕೀಯದ ಚಟ. ನಮ್ಮ ಮಾವನಿಗೆ ಗ್ಯಾಸ್ ವೆಲ್ಡಿಂಗಿನ ಚಟ. ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ ಮುರಿದು ಶಿರಾಳಕೊಪ್ಪಕ್ಕೆ ಹೋದವನು, ವೆಲ್ಡಿಂಗಿನವನ ಪಕ್ಕ ಇಡೀ ದಿನ ಕೂತು ನೀಲಿ ಬೆಂಕಿಯನ್ನು ನೋಡಿ ಬಂದನಂತೆ. ಕೆಲವು ಕಾಲದ ಮೇಲೆ ಆ ಅಂಗಡಿ ಮುಚ್ಚಿತು. ಮಾವ ಹೋಗಿ ಅಲ್ಲಿದ್ದ ಆಕ್ಸಿಜನ್ ಸಿಲಿಂಡರನ್ನು ಕೊಂಡು ತಂದ. ಆಳೆತ್ತರದ ಕರಿ ಸಿಲಿಂಡರು! ಬಾಡಿಗೆಯದಲ್ಲ, ಸ್ವಂತದ್ದು.

ಆಮೇಲೆ ಶುರುವಾಯಿತು ನೋಡಿ. ಹಿತ್ತಲಲ್ಲಿ, ಆಕ್ಸಿಜನ್ನಿನ ಜೊತೆ ಉರಿಯುವ ಗ್ಯಾಸಿಗೆಂದು ನೀರು ಹಾಕಿದ ಕಾರ್ಬೈಡ್ ಡಬ್ಬ ಗುಳುಗುಳು ಅನ್ನತೊಡಗಿತು. ಅದರ ವಾಸನೆ ನಾಲ್ಕು ಮನೆ ಆಚೆಗೂ ಹೋಗುತ್ತಿತ್ತು. ನನಗೆ ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ಬೇಸಿಗೆ ರಜೆಯೂ, ಅತ್ತೆಯ ಕೈಯ ರೊಟ್ಟಿಯೂ, ಕರಿ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತ ಮಾವನೂ ಒಟ್ಟಿಗೇ ನೆನಪಾಗುತ್ತಾರೆ.

ಮಾವ ಮೊದಲು ಮಾಡಿದ್ದು ಕುರಿಹಟ್ಟಿಗೆ ಒಂದು ಗೇಟು. ಎಷ್ಟು ಗಟ್ಟಿ ಅಂದರೆ, ಅದರ ಭಾರಕ್ಕೆ ಕಂಬ ಕಿತ್ತು ಬಿತ್ತು. ಗೇಟಿಗೆ ಏನೂ ಆಗಲಿಲ್ಲ. ಕುರಿಗಳು ಈಗ ಗೇಟಿನ ಪಕ್ಕದಿಂದ ಆರಾಮಾಗಿ ಓಡಾಡುತ್ತವೆ. ನನ್ನ ಮದುವೆಗೆ ಬಟ್ಟೆ ಒಣಹಾಕುವ ಸ್ಟ್ಯಾಂಡು ಮಾಡಿಕೊಟ್ಟ. ಸೊರಬದ ನಮ್ಮ ಮನೆಯೊಳಗೆ ಅದನ್ನು ತರಲು ಬಾಗಿಲಿನ ಚೌಕಟ್ಟು ಕೀಳಬೇಕಾಯಿತು! ಈಗಲೂ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ನನ್ನ ಕ್ಷೇಮವನ್ನಲ್ಲ.

"ಸ್ಟ್ಯಾಂಡ್ ಅಲ್ಲಾಡ್ತೈತೇನವ್ವಾ?"

"ಇಲ್ಲ ಮಾವಾ. ಮನೆ ಅಲ್ಲಾಡಿದ್ರೂ ಅದು ಅಲ್ಲಾಡಲ್ಲ."

"ಹಂಗಾರೆ ಚಲೋ ಆತು ಬಿಡು," ಅಂದು ಫೋನ್ ಇಟ್ಟುಬಿಡುತ್ತಾನೆ.

ಈಗ ಎಕ್ಸ್‌ಚೇಂಜಿನ ಸಂಗತಿ. ಸಿಲಿಂಡರು ಖಾಲಿಯಾದರೆ ಎರಡು ದಾರಿ. ಒಂದು, ಶಿಕಾರಿಪುರದ ಗ್ಯಾಸ್ ಅಂಗಡಿಯಲ್ಲಿ ಖಾಲಿಯದನ್ನು ಇಳಿಸಿ, ಅಲ್ಲಿ ಸಾಲಾಗಿ ನಿಂತ ತುಂಬಿದ ಸಿಲಿಂಡರುಗಳಲ್ಲಿ ಯಾವುದೋ ಒಂದನ್ನು ಹಾಕಿಕೊಂಡು ಬರುವುದು. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಇನ್ನೊಂದು, ನಮ್ಮ ಸಿಲಿಂಡರನ್ನೇ ಲಾರಿಯಲ್ಲಿ ಶಿವಮೊಗ್ಗಕ್ಕೆ ಕಳಿಸಿ, ತುಂಬಿಸಿ, ಅದೇ ವಾಪಸು ಬರುವ ತನಕ ಕಾಯುವುದು. ಲಾರಿ ಯಾವತ್ತು ಹೋಗುತ್ತದೋ, ಯಾವತ್ತು ಬರುತ್ತದೋ ದೇವರೇ ಬಲ್ಲ. ಬುದ್ಧಿ ಇದ್ದವರು ಯಾವ ದಾರಿ ಹಿಡಿಯುತ್ತಾರೆ? ನಮ್ಮ ಮಾವ ಎರಡನೆಯದು ಹಿಡಿದ!

ಅಂಗಡಿಯವರು ಮೊದಮೊದಲು ಒಳ್ಳೆಯ ಮಾತಲ್ಲೇ ಹೇಳಿದರು. "ಯಜಮಾನ್ರೇ, ಗಾಳಿಗೆ ಊರು ಕೇರಿ ಐತೇನ್ರೀ? ಯಾವ ಸಿಲಿಂಡರ್‌ನಾಗಿದ್ರೂ ಅದೇ ಗಾಳಿ. ಇದನ್ನ ಒಯ್ರಿ."

"ಬ್ಯಾರೇದು ಯಾಕ್ರೀ? ನಂದೇ ಐತಲ್ಲ!"

"ನಿಮ್ದು ಹಳೇದಾಗೈತ್ರಿ. ಇದು ಹೊಸಾದು, ಬಣ್ಣ ನೋಡ್ರಿ."

ಮಾವ ಹೆಗಲ ಮೇಲಿನ ಟವೆಲ್ಲು ಕೊಡವಿದನಂತೆ. "ಸ್ವಾಮೀ, ನಿಮ್ಮ ಮಗಳು ತವರಿಗೆ ಬರ್ತಾಳೆ. ಉಡಿ ತುಂಬಿ ಅವಳನ್ನೇ ಕಳಿಸ್ತೀರೋ, ಅಳಿಯಂಗೆ 'ನಿನ್ನ ಹೆಂಡ್ತಿ ಹಳೇಬಳಾದ್ಲು, ಇಲ್ಲೇ ಇರ್ಲಿ, ಪಕ್ಕದ ಮನಿ ಹುಡುಗಿ ಹೊಸಬಳದಾಳೆ, ಕರ್ಕಂಡು ಹೋಗು' ಅಂತೀರೋ?"

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಆ ಅಂಗಡಿಯವರು ಸಿಲಿಂಡರು ಬಂದಿದೆ ಎಂದು ಫೋನು ಮಾಡುವುದಿಲ್ಲ. "ಯಜಮಾನ್ರೇ, ಉಡಿ ತುಂಬಿ ಆಗೈತಿ, ಬಂದು ಕರ್ಕಂಡು ಹೋಗ್ರಿ" ಅನ್ನುತ್ತಾರೆ.

ಸಿಲಿಂಡರು ಶಿವಮೊಗ್ಗಕ್ಕೆ ಹೋದ ದಿನಗಳಲ್ಲಿ ಮಾವನನ್ನು ನೋಡಬೇಕು! ಹಿತ್ತಲಿಗೆ ಹೋಗಿ ಖಾಲಿ ಜಾಗ ನೋಡಿ ಬರುತ್ತಾನೆ. ಊಟಕ್ಕೆ ಕೂತರೆ ಉಪ್ಪು ಜಾಸ್ತಿ ಅನ್ನುತ್ತಾನೆ, ಇನ್ನಷ್ಟು ಉಪ್ಪು ಹಾಕಿಕೊಳ್ಳುತ್ತಾನೆ. ಪಕ್ಕದ ಮನೆಯವರು ಮಾತ್ರ ಲಾರಿ ಇನ್ನೂ ತಡವಾಗಲಿ ಎಂದು ಊರ ದೇವರು ಮಲ್ಲಿಕಾರ್ಜುನನಿಗೆ ಕಾಯಿ ಒಡೆಸುತ್ತಾರೆ. ಕುಟ್ಟುವ ಸದ್ದಿಲ್ಲದಿದ್ದರೆ ಅವರ ಎಮ್ಮೆ ಒಂದು ಲೋಟ ಹಾಲು ಜಾಸ್ತಿ ಕೊಡುತ್ತದಂತೆ.

ವಾಪಸು ಕರೆತರುವಾಗಿನ ವೈಭವವೇ ಬೇರೆ. ಬಿಸಿಲಿಗೆ ಸಿಲಿಂಡರು ಕಾಯಬಾರದೆಂದು ಕುರಿಯ ಉಣ್ಣೆಯ ಕಂಬಳಿ ಸುತ್ತಿ, ಲಗೇಜ್ ಆಟೋದಲ್ಲಿ ಮಲಗಿಸಿ, ಹಗ್ಗ ಕಟ್ಟಿ, ತಾನು ಪಕ್ಕದಲ್ಲಿ ಒಂದು ಕೈ ಇಟ್ಟುಕೊಂಡು ಕೂತು ಬರುತ್ತಾನೆ. ಒಂದು ಸಲ ಶಿರಾಳಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನವರು ಕಂಬಳಿ ನೋಡಿ ಗಾಬರಿಯಾದರು.

"ಯಾರ್ರೀ ಅದು ಮಲಗಿರೋದು? ಹುಷಾರಿಲ್ವೇನ್ರೀ?"

"ನಮ್ಮ ಮನಿ ಮಂದಿ," ಅಂದ ಮಾವ. "ಈಗ ಆರಾಮೈತಿ."

ಹೋಟೆಲಿನವರು ಪಾಪ, ರೋಗಿಗೆಂದು ಒಂದು ಲೋಟ ಬಿಸಿನೀರು ತಂದುಕೊಟ್ಟರಂತೆ!

ದೃಷ್ಟಿಯಾಗದಿರಲಿ ಎಂದು ಸಿಲಿಂಡರಿನ ಕುತ್ತಿಗೆಗೆ ಕರಿದಾರ ಬೇರೆ. "ಕರಿ ಸಿಲಿಂಡರಿಗೆ ಕರಿದಾರ ಕಟ್ಟಿದ್ರೆ ಯಾರಿಗೆ ಕಾಣತ್ತೆ ಮಾರಾಯ್ರೇ?" ಎಂದು ಅತ್ತೆ ಕೇಳಿದರೆ, "ದೃಷ್ಟಿಗೆ ಕಾಣ್ತೈತಿ, ಸಾಕು," ಎಂಬ ಉತ್ತರ.

ಅತ್ತೆ ಮಾತಿನಲ್ಲಿ ಸೋಲುವವಳಲ್ಲ. ಒಮ್ಮೆ ಅಡುಗೆ ಗ್ಯಾಸಿನವನು ಬಂದು ಖಾಲಿ ಸಿಲಿಂಡರು ಒಯ್ದು, ತುಂಬಿದ್ದನ್ನು ಇಟ್ಟು ಹೋದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇದು ಯಾರ ಮನೇದೋ ಎಂತದೋ. ಇದ್ರಲ್ಲಿ ಮಾಡಿದ್ ಅನ್ನ ದಿನಾ ಉಣ್ತೀರಿ. ಒಂದಿನ ನಂದೇ ಬೇಕು ಅಂದ್ರಾ?"

ಮಾವ ಅಡುಗೆ ಸಿಲಿಂಡರನ್ನೊಮ್ಮೆ, ಹಿತ್ತಲನ್ನೊಮ್ಮೆ ನೋಡಿದ. ನಾನು ಅಲ್ಲೇ ಕೂತಿದ್ದೆ, ಇವತ್ತು ಸೋತ ಅಂದುಕೊಂಡೆ.

"ಅದು ಬಂದು ಹೋಗೋ ನೆಂಟ್ರು," ಅಂದ ಮಾವ. "ಹಿತ್ತಲಾಗಿರೋದು ಮನಿ ಮಂದಿ."

ಈ ಹಟ ಎಲ್ಲಿಂದ ಬಂತು ಎಂದು ಒಂದು ದಿನ ಅವ್ವನನ್ನು ಕೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

ಮದುವೆಯಾದ ಹೊಸತರಲ್ಲಿ ಅಪ್ಪನಿಗೂ ಅವ್ವನಿಗೂ ಜಗಳವಾಯಿತಂತೆ. ಕಾರಣ ಏನು ಗೊತ್ತೇ? ರೊಟ್ಟಿ! ಅವ್ವನದು ತೊಗರ್ಸಿಯ ಜೋಳದ ಕಟಕ್ ರೊಟ್ಟಿ, ಅಪ್ಪನಿಗೆ ಬೇಕಿದ್ದದ್ದು ಮೆತ್ತನೆಯ ಅಕ್ಕಿ ರೊಟ್ಟಿ. ಮಾತಿಗೆ ಮಾತು ಬೆಳೆದು ಅವ್ವ ಗಂಟು ಕಟ್ಟಿಕೊಂಡು ತವರಿಗೆ ನಡೆದಳು. ಸಾಟಿ ಮದುವೆಯ ಲೆಕ್ಕವೇ ಹಾಗೆ. ಅಲ್ಲಿಯ ಹೆಣ್ಣು ವಾಪಸು ಬಂದರೆ ಇಲ್ಲಿಯ ಹೆಣ್ಣೂ ವಾಪಸು ಹೋಗಬೇಕು. ತೊಗರ್ಸಿಯ ನನ್ನ ಅಜ್ಜ ಅದೇ ಸಂಜೆ ಅತ್ತೆಯನ್ನು ಹೊಸಬಾಳೆಗೆ ಸಾಗಹಾಕಿದ. ಏನೂ ತಪ್ಪು ಮಾಡದ ಅತ್ತೆ ಅಳುತ್ತಾ ಬಸ್ಸು ಹತ್ತಿದಳು. ಉಡಿಯನ್ನೂ ಯಾರೂ ತುಂಬಲಿಲ್ಲ.

"ಒಂದ್ ತಿಂಗಳಾದ್ರೂ ಎರಡೂ ಮನೇರು ಬಗ್ಗಲಿಲ್ಲ," ಅಂದಳು ಅವ್ವ. "ಹಿರೇರು ಕೂತು ನಿಮ್ಮಾವನಿಗೆ ಬ್ಯಾರೆ ಹೆಣ್ಣು ನೋಡಾಣ ಅಂದ್ರು. ನಿಮ್ಮಾವ ಅಲ್ಲಿ ತನಕ ಅಪ್ಪನ ಎದುರಿಗೆ ಬಾಯಿ ತೆಗ್ದವನಲ್ಲ. ಎದ್ದು ನಿಂತು, 'ಬ್ಯಾರೇದು ಯಾಕೆ, ನಂದೇ ಐತಲ್ಲ' ಅಂದ. ಮಾರನೇ ದಿನ ಅವನೇ ನನ್ನ ಉಡಿ ತುಂಬಿಸಿ, ಹೊಸಬಾಳಿಗೆ ಬಿಟ್ಟು, ಅವಳನ್ನ ಕರ್ಕಂಡು ಹೋದ."

ನಾನು ನಗಲು ಹೊರಟವಳು ನಗಲಿಲ್ಲ. ಗ್ಯಾಸ್ ಅಂಗಡಿಯಲ್ಲಿ ಹೇಳಿದ ಆ ಮಾತನ್ನು ಮಾವ ಮೊದಲು ಹೇಳಿದ್ದು ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ.

ಈ ವರ್ಷ ಸಿಲಿಂಡರಿಗೆ ಕಷ್ಟ ಬಂತು. ಹಳೆಯ ಸಿಲಿಂಡರುಗಳನ್ನು ಆಗಾಗ ನೀರು ತುಂಬಿ, ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಮಾತ್ರ ಗ್ಯಾಸು ತುಂಬುತ್ತಾರೆ, ಫೇಲಾದರೆ ಕತ್ತರಿಸಿ ಗುಜರಿಗೆ. ಮಾವನ ಸಿಲಿಂಡರಿನ ಸರದಿ ಬಂದಿತ್ತು. "ನಾನೇ ಬಿ.ಪಿ. ಟೆಸ್ಟ್ ಮಾಡ್ಸಿಲ್ಲ, ಅದಕ್ಯಾಕ್ರೀ?" ಎಂದು ವಾದಿಸಿದನಂತೆ. ನಡೆಯಲಿಲ್ಲ. ಕಳಿಸಿ ಬಂದವನು ಮಂಕಾಗಿಬಿಟ್ಟ.

ಪಂಚಮಿಗೆ ಅತ್ತೆ ತವರಿಗೆ, ಹೊಸಬಾಳೆಗೆ ಬಂದಿದ್ದಳು, ನಾನೂ ಬಂದಿದ್ದೆ. ಕರೆದೊಯ್ಯಲು ಮಾವನೂ ಬಂದ. ಅವ್ವ ಉಡಿ ತುಂಬುತ್ತಿದ್ದಾಗಲೇ ಅಂಗಡಿಯವರ ಫೋನು ಬಂತು. ಈ ಸಲ ಉಡಿಯ ಮಾತಿಲ್ಲ. "ಯಜಮಾನ್ರೇ, ಒಂದ್ಸಲ ಬಂದು ಹೋಗ್ರಿ," ಅಂದರಷ್ಟೇ.

ನಮ್ಮ ಮನೆಯ ಪಿಕಪ್ಪಿನಲ್ಲಿ ನಾನೇ ಇಬ್ಬರನ್ನೂ ಶಿಕಾರಿಪುರಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮಾವ ಸ್ಟ್ಯಾಂಡಿನ ಕ್ಷೇಮವನ್ನೂ ಕೇಳಲಿಲ್ಲ. ಅಂಗಡಿಯ ಮೂಲೆಯಲ್ಲಿ ಮಾವನ ಕರಿ ಸಿಲಿಂಡರು ಒಂಟಿಯಾಗಿ ನಿಂತಿತ್ತು. ಮೈಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗೀಟು.

"ಫೇಲಾತ್ರೀ," ಅಂದರು ಅಂಗಡಿಯವರು ಮೆಲ್ಲಗೆ. "ನೀವು ಒಂದ್ಸಲ ನೋಡ್ಲಿ ಅಂತ ಲಾರಿಯಾಗೆ ವಾಪಸ್ ತರಿಸೀನಿ. ಕತ್ತರಿಸಾಕೆ ಕಳಿಸ್ಬೇಕು. ಬದ್ಲಿಗೆ ಇಲ್ಲಿ ಯಾವ್ದು ಬೇಕೋ ತಗಳ್ರಿ."

'ಬ್ಯಾರೇದು ಯಾಕ್ರೀ' ಎಂದು ಕೇಳುವ ಹಾಗಿರಲಿಲ್ಲ. ಮಾವ ಸಿಲಿಂಡರಿನ ಮೇಲೆ ಕೈಯಿಟ್ಟುಕೊಂಡು ನಿಂತ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾಗಿದ್ದನ್ನು ನಾನು ನೋಡಿರಲಿಲ್ಲ. "ಬ್ಯಾಡ ಬಿಡ್ರಿ," ಅಂದ ಕೊನೆಗೆ. "ವೆಲ್ಡಿಂಗೇ ಬ್ಯಾಡ."

ಅತ್ತೆ ಆಗಲೇ ತುಂಬಿದ ಸಿಲಿಂಡರುಗಳ ಸಾಲಿನ ಹತ್ತಿರ ಹೋಗಿದ್ದಳು. ಮದುವೆಗೆ ಹೆಣ್ಣು ನೋಡುವವಳಂತೆ ಒಂದೊಂದನ್ನೇ ಮೇಲಿಂದ ಕೆಳಗೆ ನೋಡಿ, ಒಂದರ ಮುಂದೆ ನಿಂತಳು. "ಇದು ಎಲ್ಲಿಂದ ಬಂದಿದ್ದು?"

"ಅದಾ? ಸೊರಬದ ಕಡೆ ಗ್ಯಾರೇಜಿಂದ ಬದ್ಲಿ ಬಂದಿದ್ದು ಕಣಮ್ಮ."

ಅತ್ತೆ ಮಾವನ ಕಡೆ ತಿರುಗಿದಳು. "ನಾನೂ ಸೊರಬದ ಕಡೆಯಿಂದ ಬದ್ಲಿಗೇ ಬಂದೋಳು. ಬದ್ಲಿಗೆ ಬಂದೋರು ಮನೆ ಮಂದಿ ಆಗಲ್ವಾ?"

ಮಾವ ಅವಳನ್ನೇ ನೋಡಿದ. ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಅತ್ತೆ ಹಳೆಯ ಸಿಲಿಂಡರಿನ ಹತ್ತಿರ ಬಂದಳು. ಉಡಿಯ ಗಂಟು ಬಿಚ್ಚಿ, ಹಿಡಿ ಅಕ್ಕಿ, ಎರಡು ಎಲೆ, ಅಡಿಕೆ ಅದರ ಬುಡದಲ್ಲಿಟ್ಟಳು. ಆಮೇಲೆ ಆ ಹಸಿರು ಕಣವನ್ನು ತೆಗೆದು ಅದರ ಕುತ್ತಿಗೆಗೆ ಸುತ್ತಿದಳು. "ಖಾಲಿ ಉಡೀಲಿ ಹೋಗೋದು ಎಂತ ಸಂಕಟ ಅಂತ ನಂಗೊತ್ತು," ಅಂದಳು.

ಸಿಲಿಂಡರು ಪಾಸಾದೀತೆಂಬ ಆಸೆಯಲ್ಲಿ ತೊಗರ್ಸಿಯಿಂದಲೇ ತಂದಿದ್ದ ಕಂಬಳಿಯನ್ನು ಮಾವ ಪಿಕಪ್ಪಿನಿಂದ ತೆಗೆದು ಸೊರಬದ ಸಿಲಿಂಡರಿಗೆ ಸುತ್ತಿದ. ತೊಗರ್ಸಿಯ ದಾರಿಯಲ್ಲಿ ಅದರ ಜೊತೆ ಹಿಂದೆಯೇ ಕೂತ. ಅತ್ತೆ ಮುಂದೆ ನನ್ನ ಪಕ್ಕ. ಶಿರಾಳಕೊಪ್ಪದಲ್ಲಿ ಅದೇ ಹೋಟೆಲಿನ ಮುಂದೆ ನಿಲ್ಲಿಸಿದೆ. ಚಹಾ ತಂದುಕೊಟ್ಟ ಹೋಟೆಲಿನವರು ಕಂಬಳಿ ನೋಡಿ ಗುರುತು ಹಿಡಿದರು.

"ಏನ್ರೀ, ಮತ್ತೆ ಹುಷಾರಿಲ್ವೇನ್ರೀ?"

"ಆ ಪೇಶೆಂಟ್ ಅಲ್ರೀ," ಅಂದ ಮಾವನ ದನಿ ಹಿಂದಿನಿಂದ ಕೇಳಿಸಿತು. "ಇವ್ರು ಸೊರಬದ ಕಡೇರು. ನಮ್ಮ ಮನಿ ಮಂದಿ."

ಅತ್ತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ನನಗೂ ರಸ್ತೆ ಮಂಜಾಯಿತು. ಆಮೇಲೆ ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ಎಂತ ಅಂದ್ರಿ? ಕೇಳಲಿಲ್ಲ, ಇನ್ನೊಂದ್ಸಲ ಹೇಳಿ!"

"ಚಾ ಆರ್ತೈತಿ," ಅಂದ ಮಾವ. "ಕುಡಿ."