ಸಾರಂಗನಿಗೆ ‘ಸಿಮಿಲರ್’

ಬಿಜಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಒಂದು ಎತ್ತು ಕೊಳ್ಳಲು ಬರುವುದಿಲ್ಲವೇ? ನಮ್ಮೂರು ಇಟ್ಟಂಗಿಹಾಳಕ್ಕೆಲ್ಲ ತೋರಿಸಿಯೇ ಬಿಡುತ್ತೇನೆ ಎಂದು ಪಣ ತೊಟ್ಟೆ!

ನಮ್ಮ ಜೋಡೆತ್ತಿನಲ್ಲಿ ಒಂದರ ಕಾಲು ಉಳುಕಿತ್ತು. ಉಳಿದವನು ಸಾರಂಗ. ಹಿಂಗಾರಿ ಜೋಳ ಬಿತ್ತಬೇಕು, ಹೊಲದ ಹಸಿ ಆರದೆ ಹದವಾಗಿರುವುದು ಇನ್ನೆರಡೇ ದಿನ. ಅಪ್ಪನಿಗೆ ಜ್ವರ.

“ಸಾರಂಗಗ ಜೋಡಾಗೂವಂಥಾದ್ದು ತಾ,” ಎಂದ.

ಅದೇ ವಾರ ಒಂಬತ್ತನೇ ಇಯತ್ತೆಗೆ ‘ಸಿಮಿಲರ್’ ಪಾಠ ಮಾಡಿದ್ದೆ. ಸಿಮಿಲರ್ ಎಂದರೆ ಹೋಲುವಂಥದ್ದು. ಯಾವುದನ್ನು ಹೋಲುತ್ತದೆಂದು ಹೇಳಲು ಬೆನ್ನಿಗೆ ‘ಟು’ ಬೇಕು. ಜೋಡೆಂದರೂ ಅದೇ ಎಂದುಕೊಂಡು ಸಾರಂಗನ ಬಣ್ಣ, ಕೋಡು, ಎತ್ತರ, ಹಣೆಯ ಚುಕ್ಕೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

“ಎತ್ತು ತರಾಕ ಹೊಂಟೀರೋ, ಪರೀಕ್ಷಾ ತಗೊಳ್ಳಾಕೋ?” ಎಂದಳು ಹೆಂಡತಿ ರೇಣವ್ವ.

“ಸಿಮಿಲರ್ ಟು ಸಾರಂಗ! ತಿಳೀತೇನ?”

“ಇಲ್ರಿ. ಮಾಂವಾರ್ನ ಇನ್ನೊಮ್ಮೆ ಕೇಳ್ಕೊಂಡ ಹೋಗ್ರಿ.”

“ಬಿ.ಎ. ಆದವ ಕೇಳೋದೇನೈತಿ?”

ಬಬಲೇಶ್ವರ ಸಂತೆಯಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ಬಿಸಿಲೇರಿದಂತೆಲ್ಲ ಹೊಲದ ಹಸಿ ನನ್ನ ಮೈಯಿಂದಲೇ ಆರಿದಂತೆ! ಆರು ಸುತ್ತು ಹಾಕಿದ ಮೇಲೆ ಕಂಡಿತು, ಸಾಕ್ಷಾತ್ ಸಾರಂಗನ ಅವತಾರ. ಹಣೆಯ ಚುಕ್ಕೆ ಕೂಡ ಅದೇ!

ಮಾರುವ ಲಾಡಲೇಸಾಬ ಬಾಯಿ ತೆರೆದ: “ಮಾಸ್ತರ, ಇದು ಯಾ ಕಡಿ ನಡೀತೈತಿ ಅಂದ್ರ...”

“ಎಲ್ಲಾ ಕೂಡೇತ್ರಿ, ಹಗ್ಗ ಕೊಡ್ರಿ!”

ಮರುದಿನ ಬೆಳಿಗ್ಗೆ ಅಪ್ಪ ಕಂಬಳಿ ಹೊದ್ದುಕೊಂಡೇ ಹೊಲಕ್ಕೆ ಬಂದ. ನೊಗದ ಎಡಕ್ಕೆ ಹೊಸ ಎತ್ತನ್ನು ನಿಲ್ಲಿಸಿದೆ. ಅದು ಗರಕ್ಕನೆ ತಿರುಗಿ ಬಲಕ್ಕೆ ಬಂದು ಸಾರಂಗನನ್ನು ದೂಡಿತು. ಮತ್ತೆ ಎಳೆದೆ, ಮತ್ತೆ ಬಂತು. ಬಲಕ್ಕೆ ಎರಡೆತ್ತಿನ ಜಗಳ, ಎಡಕ್ಕೆ ನಾನೊಬ್ಬ!

“ಲೇ ಮಾಸ್ತರ! ಸಾರಂಗ ಬಲಕ್ಕ ನಡಿಯೋ ಎತ್ತು. ಜೋಡಿಗೆ ಎಡಕ್ಕ ನಡಿಯೋದು ಬೇಕು. ಇದೂ ಬಲದ್ದ ತಂದಿಯಲ್ಲೋ!”

“ಯಪ್ಪಾ, ಎಲ್ಲಾ ಹೋಲತೈತಿ...”

“ಹೋಲತೈತಿ, ಅದಕ್ಕ ಕೆಟ್ಟೈತಿ!”

ಅಷ್ಟರಲ್ಲಿ ರೇಣವ್ವ ನೆರೆಹೊಲದವರಿಂದ ಒಂದು ಮುದಿ ಎತ್ತನ್ನು ಕೇಳಿ ಹೊಡೆದುಕೊಂಡು ಬಂದಳು. ಕರಿ ಮೈ, ಮುರಿದ ಕೋಡು, ನನ್ನ ನೋಟ್‌ಬುಕ್ಕಿನ ಪ್ರಕಾರ ಸೊನ್ನೆ ಅಂಕ! ತಾನಾಗಿಯೇ ಹೋಗಿ ಎಡಕ್ಕೆ ನಿಂತಿತು. ಬೀಜ ಬಿತ್ತುವ ಕೂರಿಗೆ ಸಾಗಿತು. ಹದ ಉಳಿಯಿತು.

“ರೀ, ನಾವಿಬ್ರೂ ಸಿಮಿಲರ್ ಏನ್ರಿ?” ಎಂದಳು ರೇಣವ್ವ.

“ಎಲ್ಲೀದು!”

“ಅದಕ್ಕ ಮನಿ ನಡದೈತಿ.”

ಬಿ.ಎ. ಆದವನು ಬೀಜದ ಚೀಲ ಹೊತ್ತೆ. ‘ಟು’ವಿನಂತೆ ಅವಳ ಬೆನ್ನಿಗೆ ಬಿದ್ದೆ!