ನಿಂತು ಗೆದ್ದ ಎವ್ಸ್ತಾತಿ

"ಬೀಗರೇ, ಇದರಲ್ಲಿ ಎಬಿಎಸ್ ಇದೆಯಾ?"

ಕೇಳಿದವರು ಗಂಡಿನ ತಂದೆ ಪನಾಯೋತ್. ಕೇಳಿಸಿಕೊಂಡವನು ಹೆಣ್ಣಿನ ತಂದೆ ಎವ್ಸ್ತಾತಿ. ಮದುವೆಯ ಬೆಳಿಗ್ಗೆ ಬೀಗರ ಬಾಯಿಂದ ಇಂಥ ಪ್ರಶ್ನೆ ಬಂದರೆ ಬುದ್ಧಿವಂತನಾದವನು ಕೆಮ್ಮುತ್ತಾನೆ, ಇಲ್ಲವೇ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಾನೆ. ಎವ್ಸ್ತಾತಿ ಎರಡನ್ನೂ ಮಾಡಲಿಲ್ಲ.

"ಇಲ್ಲ. ಯಾಕೆ ಬೇಕು?" ಎಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಆಮೇಲಿನದೆಲ್ಲ ಆ ಮೂರು ಮಾತಿನ ಪ್ರಸಾದ.

ಎವ್ಸ್ತಾತಿ ಬಾಲ್ಕನ್ ಬೆಟ್ಟದ ಆ ಪುಟ್ಟ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರು ಓದುವವನು. ಆಸ್ತಿ ಅಂತ ಇದ್ದದ್ದು ಕಡಿದಾದ ಬೀದಿಯ ತುತ್ತತುದಿಯಲ್ಲಿ ಒಂದು ಮನೆ, ಮನೆ ಮುಂದೆ ಒಂದು ಕೆಂಪು ಕಾರು. ಅದಕ್ಕೆ ಅವನಿಟ್ಟ ಹೆಸರು ಕೆಂಪಿ. ಹೆಂಡತಿಯನ್ನಾದರೂ ಒಂದೆರಡು ಸಲ ಗದರಿರಬಹುದು, ಕೆಂಪಿಯನ್ನು ಗದರಿದವನಲ್ಲ. ಮಗಳು ಬಿಲ್ಯಾನಾ ಚಿಕ್ಕವಳಿದ್ದಾಗ ಅದರ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, "ನೀನು ಮದುಮಗಳಾದ ದಿನ ಇದರಲ್ಲೇ ನಿನ್ನನ್ನ ಚರ್ಚಿಗೆ ಕರ್ಕೊಂಡು ಹೋಗ್ತೀನಿ ಪುಟ್ಟೀ," ಎಂದು ಮಾತು ಕೊಟ್ಟಿದ್ದ. ಆ ದಿನ ಇವತ್ತು ಬಂದಿತ್ತು. ಹಿಂದಿನ ಸಂಜೆಯೆಲ್ಲ ಕೂತು ಕೆಂಪಿಯ ಮೈ ಉಜ್ಜಿದ್ದ, ಮುಂದೆ ಬಿಳಿ ರಿಬ್ಬನ್ ಕಟ್ಟಿದ್ದ. ರಾತ್ರಿ ಒಣ ಹಿಮ ಬಿದ್ದು ಬೀದಿಯ ಕಲ್ಲುಹಾಸೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗಿತ್ತು.

ಪನಾಯೋತ್ ಬಯಲುಸೀಮೆಯವರು. ಸೂರ್ಯಕಾಂತಿ ಎಣ್ಣೆಯ ಗಿರಣಿ ಇದೆ, ಹೊಟ್ಟೆಯೂ ಇದೆ. ಅವರೂರಿನಲ್ಲಿ ಎತ್ತರದ ಜಾಗ ಅಂದರೆ ಬಸ್ ನಿಲ್ದಾಣದ ಕಟ್ಟೆ. ಮಗನನ್ನು ಚರ್ಚಿನಲ್ಲಿ ಇಳಿಸಿ, ಸೊಸೆಯನ್ನು ಕರೆದೊಯ್ಯಲು ತಮ್ಮ ಹೊಸ ಬೂದು ಕಾರಿನಲ್ಲಿ ಬೀದಿ ಹತ್ತಿ ಬಂದಿದ್ದರು.

"ಯಾಕೆ ಬೇಕು ಅಂದ್ರೆ ಏನ್ರೀ ಬೀಗರೇ?" ಪನಾಯೋತ್ ಕಣ್ಣರಳಿಸಿದರು. "ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದ ಹಾಗೆ ಅದು ನೋಡ್ಕೊಳ್ಳುತ್ತೆ. ದಿನಾ ಓಡಾಡೋ ಗಾಡಿಗೆ ಅದಿಲ್ಲದೆ ಆಗುತ್ತಾ?"

"ದಿನಾ ಓಡಾಡೋಕೆ ಬೇಕಾದ್ದು ಎರಡು ಕಣ್ಣು, ಒಂದು ಬಲಗಾಲು. ದೇವರು ಎರಡನ್ನೂ ಕೊಟ್ಟಿದ್ದಾನೆ. ಇಷ್ಟು ವರ್ಷ ಈ ಬೀದಿ ಇಳಿದಿದ್ದೀನಿ, ಒಂದು ಕೋಳಿಗೂ ತಾಗಿಲ್ಲ."

"ಕೋಳಿ ಮಾತು ಬಿಡಿ. ಒಳಗೆ ಕೂರೋಳು ನನ್ನ ಸೊಸೆ. ಎಬಿಎಸ್ ಇಲ್ಲದ ಗಾಡೀಲಿ ನಾನು ಅವಳನ್ನ ಈ ಇಳಿಜಾರಿಗೆ ಬಿಡಲ್ಲ."

"ಇನ್ನೂ ನಿಮ್ಮ ಸೊಸೆ ಆಗಿಲ್ಲ ಸ್ವಾಮೀ! ಈಗ ನನ್ನ ಮಗಳು!"

ಇಷ್ಟು ಹೊತ್ತಿಗೆ ಬೇಲಿಗಳ ಮೇಲೆ ತಲೆಗಳು ಮೂಡಿದ್ದವು. ಎದುರುಮನೆಯ ದಿಮೋ ಹಳೇ ಬಸ್ ಡ್ರೈವರು. ನಿವೃತ್ತನಾದ ಮೇಲೆ ಊರಿನ ಎಲ್ಲ ಜಗಳಕ್ಕೂ ಟಿಕೆಟ್ಟಿಲ್ಲದೆ ಹತ್ತುವವನು. ಉಣ್ಣೆಯ ಟೋಪಿ ಸರಿಮಾಡಿಕೊಂಡು ನಡುವೆ ಬಂದು ನಿಂತ.

"ಇಬ್ಬರೂ ಹೇಳೋದ್ರಲ್ಲಿ ಅರ್ಥ ಇದೆ," ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ.

"ಏನರ್ಥ ಇದೆ?" ಎಂದರು ಇಬ್ಬರೂ ಒಟ್ಟಿಗೆ.

"ಅದನ್ನ ಬೀದಿಯೇ ಹೇಳಲಿ. ಇಬ್ಬರೂ ಗಾಡಿ ಬಿಡಿ. ಆ ದೀಪದ ಕಂಬದ ಹತ್ರ ಬ್ರೇಕ್ ಒತ್ತಬೇಕು. ಅದರ ಕೆಳಗಿರೋ ಕೆರಾ ಅಜ್ಜಿ ಮನೆ ಗೇಟಿನ ಮುಂದೆ ನಾನೊಂದು ಕೆಂಪು ಶಾಲು ಹಾಸ್ತೀನಿ. ಅದನ್ನ ದಾಟದೆ ಯಾರು ನಿಲ್ತಾರೋ ಅವರು ಹುಡುಗೀನ ಕರ್ಕೊಂಡು ಹೋಗಲಿ."

"ದಿಮೋ, ನಿಂಗೆ ಬೇರೆ ಕೆಲಸ ಇಲ್ವೇನೋ?" ಎವ್ಸ್ತಾತಿಯ ಹೆಂಡತಿ ವಸಿಲ್ಕಾ ಕಿಟಕಿಯಿಂದ ಕೂಗಿದಳು. ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಕಟ್ಟಿಕೊಂಡಿದ್ದಳು, ಕೈಯಲ್ಲಿ ಮದುಮಗಳ ಮುಸುಕು. "ರೀ! ಮಗಳ ಮದುವೆ ದಿನ ಕಾರು ಓಡಿಸಿ ಆಟ ಆಡ್ತೀರಾ? ಪಾದ್ರಿಗಳು ಹೊತ್ತಿಗೆ ಸರಿಯಾಗಿ ಬನ್ನಿ ಅಂದಿದ್ದಾರೆ, ಆಮೇಲೆ ಅವರಿಗೆ ಬೇರೆ ನಾಮಕರಣ ಇದೆ!"

"ಎರಡೇ ನಿಮಿಷ ಕಣೇ," ಎಂದ ಎವ್ಸ್ತಾತಿ. ಗಂಡಸರ ಎರಡು ನಿಮಿಷ ಎಷ್ಟುದ್ದ ಎಂದು ವಸಿಲ್ಕಾಗೆ ಗೊತ್ತಿತ್ತು. ದಡಾರನೆ ಕಿಟಕಿ ಮುಚ್ಚಿದಳು.

ಎವ್ಸ್ತಾತಿಯ ಚಿಂತೆಯೇ ಬೇರೆ. ಸೋತರೆ ಮಗಳಿಗೆ ಕೊಟ್ಟ ಮಾತು ಹೋಯಿತು. ಬಿಳಿ ರಿಬ್ಬನ್ ಕಟ್ಟಿದ ಕೆಂಪಿ ಖಾಲಿ ಸೀಟು ಹೊತ್ತು ಮೆರವಣಿಗೆಯ ಹಿಂದೆ ಹೋಗಬೇಕು.

ಮೊದಲು ಪನಾಯೋತ್ ಹೊರಟರು. ಇಳಿಜಾರಿನಲ್ಲಿ ಗಾಡಿ ವೇಗ ಹಿಡಿಯಿತು. ಕಂಬದ ಹತ್ತಿರ ಬ್ರೇಕ್ ಒತ್ತಿದರು. ಕಾಲಡಿಯಲ್ಲಿ ಕಿರ್ರ್ ಕಿರ್ರ್ ಎಂದು ಯಂತ್ರ ಕೆಲಸ ಮಾಡತೊಡಗಿತು. ಬಹಳ ಚೆನ್ನಾಗಿಯೇ ಮಾಡಿತು. ಗಾಲಿ ಕಚ್ಚಿಕೊಳ್ಳಲಿಲ್ಲ. ಕಚ್ಚಿಕೊಳ್ಳದ್ದರಿಂದ ಆ ಪುಡಿ ಹಿಮದ ಮೇಲೆ ಗಾಡಿ ನಿಲ್ಲಲೂ ಇಲ್ಲ. ಕೆಂಪು ಶಾಲನ್ನು ದಾಟಿತು. ದಾರಿಗೆ ಅಡ್ಡ ಕೂತಿದ್ದ ಕೆರಾ ಅಜ್ಜಿಯ ಬೆಕ್ಕನ್ನು ಎಡಕ್ಕೆ ತಪ್ಪಿಸಿತು, ಬೇಕರಿಯವನ ಕೈಗಾಡಿಯನ್ನು ಬಲಕ್ಕೆ ತಪ್ಪಿಸಿತು, ತಿರುವನ್ನು ಬಲು ಠೀವಿಯಿಂದ ತಿರುಗಿ ಕಣ್ಮರೆಯಾಯಿತು. ಸ್ವಲ್ಪ ಹೊತ್ತಿಗೆ ಕೆಳಗೆ ಹೊಳೆಯ ಸೇತುವೆಯ ಕಡೆಯಿಂದ ಹಿಮದ ರಾಶಿಗೆ ಮೂತಿ ಇಟ್ಟ ದೊಪ್ಪೆಂಬ ಸದ್ದು ಬಂತು.

"ಬೀಗರೇ, ಬದುಕಿದ್ದೀರಾ?" ದಿಮೋ ಕೂಗಿದ.

"ಯಾರಿಗೂ ತಾಗ್ಲಿಲ್ಲ!" ಕೆಳಗಿಂದ ಪನಾಯೋತರ ದನಿ. "ನೋಡಿದ್ರಾ ಹೇಗೆ ತಿರುಗ್ತು? ಬೆಕ್ಕಿಗೂ ತಾಗ್ಲಿಲ್ಲ!"

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತೆ," ಎಂದು ಕೆರಾ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನನ್ನ ಬೆಕ್ಕು ಉಳೀತಲ್ಲ, ಅಷ್ಟೇ ಸಾಕು."

ಈಗ ಎವ್ಸ್ತಾತಿಯ ಸರದಿ. ಜಾರುವ ದಾರಿಯಲ್ಲಿ ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ಮೆತ್ತಗೆ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ಅವನೇ. ಕೆಂಪಿ ಇಳಿಯಿತು. ಕಂಬ ಬಂತು. ಪಾಠವೆಲ್ಲ ಮರೆತುಹೋಯಿತು. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಎರಡೂ ಕಾಲಲ್ಲಿ ಒಟ್ಟಿಗೆ ತುಳಿದುಬಿಟ್ಟ.

ನಾಲ್ಕೂ ಗಾಲಿ ಕಚ್ಚಿಕೊಂಡವು. ಕಚ್ಚಿಕೊಂಡ ಗಾಲಿಗಳು ಪುಡಿ ಹಿಮವನ್ನು ನೇಗಿಲ ಹಾಗೆ ದೂಡಿಕೊಂಡು ಹೋದವು. ಮುಂದೆ ಹಿಮದ ಗುಡ್ಡೆ ಎದ್ದಿತು. ಕೆಂಪಿ ಸೊಂಟ ತಿರುಗಿಸಿ, ಬೀದಿಗೆ ಅಡ್ಡಡ್ಡ ಹೊರಳಿ, ತಾನೇ ಗುಡ್ಡೆ ಹಾಕಿದ ಹಿಮಕ್ಕೆ ಒರಗಿಕೊಂಡು, ಶಾಲಿಗೆ ಒಂದು ಗೇಣು ಇರುವಾಗ ನಿಂತುಬಿಟ್ಟಿತು.

ಬೀದಿಗೆ ಬೀದಿಯೇ ಹೋ ಎಂದಿತು! ಮದುವೆಗೆ ಬಂದಿದ್ದ ಡೋಲಿನವನು ಯಾರೂ ಹೇಳದೆಯೇ ಬಾರಿಸತೊಡಗಿದ. ಕ್ಲಾರಿನೆಟ್ಟಿನವನು ಬಾಯಲ್ಲಿದ್ದ ರೊಟ್ಟಿ ನುಂಗಿ ಊದತೊಡಗಿದ. ದಿಮೋ ಬಗ್ಗಿ ಗೇಣು ಹಾಕಿ ನೋಡಿ, "ದಾಟಿಲ್ಲ! ದಾಟಿಲ್ಲ!" ಎಂದು ಶಾಲನ್ನು ಬಾವುಟದಂತೆ ಬೀಸಿದ.

ಎವ್ಸ್ತಾತಿ ಮೆಲ್ಲಗೆ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಗೆದ್ದಿದ್ದಾನೆ ಎಂದು ತಿಳಿದ ಕೂಡಲೇ ಬಾಗಿಲು ತೆಗೆದು, ಇದೆಲ್ಲ ನನಗೆ ಮಾಮೂಲು ಎಂಬಂತೆ ಕೈಗವಸು ಕೊಡವಿಕೊಂಡು ಇಳಿದ.

"ನೋಡಿದ್ರಾ? ಮೆತ್ತಗೆ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಕಾಲಿಗೆ ಬುದ್ಧಿ ಇರಬೇಕು ಕಣ್ರಪ್ಪಾ!"

"ಹೌದಣ್ಣಾ, ಹೌದು! ನೀನು ಒತ್ತಿದ್ದು ಬಿಟ್ಟಿದ್ದು ನಮಗೆ ಕಾಣಿಸ್ತು!" ಎಂದಿತು ಗುಂಪು. ಗೆದ್ದವನ ಮಾತಿಗೆ ಎದುರಾಡುವವರು ಯಾರು?

ಪನಾಯೋತ್ ಬೀದಿ ಪಕ್ಕದ ಮೆಟ್ಟಿಲುಗಳನ್ನು ಹತ್ತಿ ಏದುಸಿರು ಬಿಡುತ್ತ ಬಂದರು. ಟೋಪಿಯ ತುಂಬ ಹಿಮ. ಆದರೂ ಮನುಷ್ಯ ದೊಡ್ಡವರು. ಎವ್ಸ್ತಾತಿಯನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟರು.

"ಸೋತೆ ಬೀಗರೇ. ನನ್ನ ಗಾಡಿ ನಿಲ್ಲಲಿಲ್ಲ, ಆದ್ರೆ ಹೇಳಿದ ಕಡೆ ತಿರುಗ್ತು. ನಿಮ್ಮದು ಹೇಳಿದ ಕಡೆ ತಿರುಗಲಿಲ್ಲ, ಆದ್ರೆ ನಿಲ್ತು. ಮಾತು ಮಾತೇ. ಹುಡುಗೀನ ನೀವೇ ಕರ್ಕೊಂಡು ಬನ್ನಿ. ನನ್ನ ಗಾಡಿ ಮೂತಿ ಹಿಮದಲ್ಲಿ ಹೂತಿದೆ, ಹೇಗೂ ಈ ಬೀದಿ ಮತ್ತೆ ಹತ್ತೋ ಹಾಗಿಲ್ಲ, ನಾನು ಹೋಗಿ ಅದನ್ನ ಬಿಡಿಸ್ಕೊಂಡು ಕೆಳಗೇ ಕಾಯ್ತೀನಿ."

ಎವ್ಸ್ತಾತಿಯ ಕಣ್ಣು ತುಂಬಿ ಬಂತು. ಎಂಟು ಹತ್ತು ಮಂದಿ ಕೆಂಪಿಗೆ ಹೆಗಲು ಕೊಟ್ಟು, ಅವನನ್ನು ಒಳಗೆ ಕೂರಿಸಿಕೊಂಡೇ ಮನೆಯ ಗೇಟಿನವರೆಗೆ ಮೇಲಕ್ಕೆ ತಳ್ಳಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತ ಅವನು ಹೋದ ಚೆಂದ ನೋಡಬೇಕಿತ್ತು. ಇಷ್ಟು ವರ್ಷ ಆ ಬೀದಿಯಲ್ಲಿ ಮೀಟರು ಓದಿ ಬೈಗುಳ ತಿಂದವನಿಗೆ ಮೊದಲ ಸಲ ಮೆರವಣಿಗೆ!

ಬಿಲ್ಯಾನಾ ಬಿಳಿ ಉಡುಪಿನಲ್ಲಿ ಹೊಸ್ತಿಲಿಗೆ ಬಂದಳು. ಅವಳನ್ನು ನೋಡಿ ಡೋಲು ಕೂಡ ಒಂದು ಕ್ಷಣ ನಿಂತಿತು. ಮದುಮಗಳು ತವರು ಬಿಡುವಾಗ ನೀರು ತುಂಬಿದ ತಾಮ್ರದ ಚೊಂಬನ್ನು ಕಾಲಿಂದ ಒದ್ದು ಹೊರಡಬೇಕು. ನೀರು ಎಷ್ಟು ದೂರ ಹರಿಯುತ್ತದೋ ಬಾಳು ಅಷ್ಟು ಸರಾಗ. ವಸಿಲ್ಕಾ ಹೂವಿಟ್ಟ ಚೊಂಬನ್ನು ಮಗಳ ಮುಂದೆ ಇಟ್ಟಳು. ಬಿಲ್ಯಾನಾ ಒದ್ದಳು. ನೀರು ಗೇಟು ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕೆರಾ ಅಜ್ಜಿಗೆ ಸಮಾಧಾನವಾಗಲಿಲ್ಲ.

"ಅಲ್ವೇ ವಸಿಲ್ಕಾ, ಇಂಥ ಗಂಡೆದೆಯ ಅಪ್ಪನ ಮಗಳು ಒಂದೇ ಚೊಂಬು ಒದ್ದು ಹೋಗೋದಾ? ಯಾರು ಏನಂದುಕೊಂಡಾರು! ಇರು, ನಾನೂ ತರ್ತೀನಿ."

ಅಜ್ಜಿ ತಂದಳೆಂದು ದಿಮೋನ ಹೆಂಡತಿ ತಂದಳು. ಅವಳು ತಂದಳೆಂದು ಬೇಕರಿಯವಳು ಬಕೆಟ್ಟನ್ನೇ ಹೊತ್ತು ತಂದಳು. ಗೆದ್ದ ಬೀದಿಯ ಮರ್ಯಾದೆಯ ಪ್ರಶ್ನೆ! ಗೇಟಿನಿಂದ ಕೆಳಗಿನ ತಿರುವಿನವರೆಗೂ ಸಾಲಾಗಿ ಚೊಂಬು, ಕೊಡ, ಬಕೆಟ್ಟು, ಎಲೆಕೋಸು ನೆನೆಹಾಕುವ ಪೀಪಾಯಿ.

"ಒದಿಯೇ ಹುಡುಗೀ, ಒದಿ!"

ಬಿಲ್ಯಾನಾಗೂ ಹುರುಪು ಬಂತು. ಲಂಗ ಎತ್ತಿ ಹಿಡಿದು, ಬೇಲಿಯ ಅಂಚಿನಲ್ಲಿ ಹೆಂಗಸರ ಕೈ ಹಿಡಿದುಕೊಂಡು ಇಳಿಯುತ್ತ, ಒಂದೊಂದನ್ನೇ ಒದ್ದಳು. ಠಣ್! ಠಣ್! ಡೋಲು ತಾಳ ಹಾಕಿತು. ನೀರು ಇಳಿಜಾರಿನುದ್ದಕ್ಕೂ ಹಿಮವನ್ನು ತೊಳೆದು, ಕಲ್ಲುಗಳ ಮೇಲೆ ಹರಡಿ, ಜುಳುಜುಳು ಹರಿಯಿತು. ಅಂಥ ಸೊಗಸಾದ ಬೀಳ್ಕೊಡುಗೆಯನ್ನು ಆ ಊರು ಕಂಡಿರಲಿಲ್ಲ. ಮದುಮಗಳನ್ನು ಕೈಹಿಡಿದು ಮತ್ತೆ ಮೇಲೆ ಕರೆತಂದು ಕೆಂಪಿಯಲ್ಲಿ ಕೂರಿಸಿದರು. ಎವ್ಸ್ತಾತಿ ಎದೆಯುಬ್ಬಿಸಿ ಮುಂದೆ ಕೂತ.

"ಹೊರಡೋಣವಾ ಪುಟ್ಟೀ?"

"ಹೊರಡು ಅಪ್ಪಾ!"

ಕೀಲಿ ತಿರುಗಿಸಿದ. ಜನವರಿ ತಿಂಗಳ ಚಳಿ ಅಂದರೆ ಚಳಿ. ಮಗಳು ಮೇಲೆ ಹತ್ತಿ ಬರುವಷ್ಟರಲ್ಲಿ ಒದ್ದ ನೀರೆಲ್ಲ ಗಟ್ಟಿಯಾಗಿತ್ತು. ಗೇಟಿನಿಂದ ತಿರುವಿನವರೆಗೆ ಬೀದಿಯಲ್ಲಿ ಕಲ್ಲೂ ಇಲ್ಲ, ಹಿಮವೂ ಇಲ್ಲ. ಆಕಾಶ ಕಾಣುವ ಕನ್ನಡಿ!

ಕೆಂಪಿ ಅರ್ಧ ಮಾರು ಜಾರಿತು. ಎವ್ಸ್ತಾತಿ ತುಳಿದ. ಗಾಲಿ ನಿಂತವು, ಕೆಂಪಿ ನಿಲ್ಲಲಿಲ್ಲ.

"ಹಿಡ್ಕೊಳ್ರೋ! ಹಿಡ್ಕೊಳ್ಳಿ!" ದಿಮೋ ಅರಚಿದ. ಆರೇಳು ಮಂದಿ ಹಿಂದಿನ ಬಂಪರಿಗೆ ಜೋತುಬಿದ್ದು, ಇಬ್ಬರು ನೆಲಕ್ಕೆ ಕುಂಡೆಯೂರಿ ಕೂತು, ಹೇಗೋ ಎಳೆದು ಗೇಟಿನ ಕಂಬಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದರು.

"ಬೂದಿ ತನ್ನಿ!" ಎಂದ ಎವ್ಸ್ತಾತಿ. ಒಲೆಯ ಬೂದಿ ತಂದು ಎರಚಿದರು. ಬೂದಿಯೇ ಜಾರಿಕೊಂಡು ಕೆಳಗೆ ಹೋಯಿತು. "ಉಪ್ಪು ತನ್ನಿ!" ಎಲ್ಲರ ಮನೆಯ ಉಪ್ಪೂ ನಿನ್ನೆಯೇ ಮದುವೆಯ ಅಡುಗೆಗೆ ಖರ್ಚಾಗಿತ್ತು. "ಬೇರೆ ದಾರಿ?" ಬೇರೆ ದಾರಿ ಇಲ್ಲ. ಎವ್ಸ್ತಾತಿಯ ಮನೆಗೇ ಬೀದಿ ಕೊನೆ, ಹಿಂದೆ ಬೆಟ್ಟ.

ಕೆಳಗೆ, ಹೊಳೆಯಾಚೆ, ಚರ್ಚಿನ ಗಂಟೆ ಹೊಡೆಯಿತು.

"ದಿಮೋ," ಎವ್ಸ್ತಾತಿ ದೈನ್ಯದಿಂದ ಕೇಳಿದ, "ಎಬಿಎಸ್ ಇದ್ದಿದ್ರೆ ಇಳೀತಿತ್ತಾ?"

"ಇದರ ಮೇಲೆ ಎಬಿಎಸ್ಸೂ ಇಲ್ಲ, ಅದರಪ್ಪನೂ ಇಲ್ಲ ಕಣೋ. ಇದರ ಮೇಲೆ ಬಾತುಕೋಳಿ ಕೂಡ ಯೋಚನೆ ಮಾಡುತ್ತೆ."

ವಸಿಲ್ಕಾ ಬಂದಳು. ಕಾರಿನ ಬಾಗಿಲು ತೆಗೆದು ಮಗಳನ್ನು ಇಳಿಸಿಕೊಂಡಳು. "ಬಾಮ್ಮಾ. ಮೆಟ್ಟಿಲು ಇಳಿದು ಹೋಗೋಣ. ಗಾಡಿ ಕೆಳಗಿದೆ."

ಕೆಳಗಿದ್ದ ಗಾಡಿ ಯಾವುದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಂಬಿ ಹಿಡಿದು ಮದುವೆಗೆ ಮದುವೆಯೇ ಮೆಟ್ಟಿಲಿಳಿಯಿತು. ಸೇತುವೆಯ ಹತ್ತಿರ ಪನಾಯೋತರ ಬೂದು ಕಾರು ಹಿಮದ ರಾಶಿಯಿಂದ ಮೂತಿ ತೆಗೆದುಕೊಂಡು, ಚರ್ಚಿನ ದಾರಿಗೆ ಮುಖ ಮಾಡಿ, ಒಂದು ಗೀರೂ ಇಲ್ಲದೆ ಬೆಚ್ಚಗೆ ಗುರುಗುಡುತ್ತಿತ್ತು.

"ಬನ್ನಿ ಬೀಗರೇ, ಮುಂದೆ ಕೂತ್ಕೊಳ್ಳಿ," ಪನಾಯೋತ್ ಮರ್ಯಾದೆಯಿಂದ ಬಾಗಿಲು ತೆಗೆದರು. "ಗೆದ್ದವರು ನೀವು. ಓಡಿಸೋ ಕಷ್ಟ ನನಗಿರಲಿ."

ಬೀದಿಯ ಜನ ಮೆಟ್ಟಿಲುಗಳ ಮೇಲಿಂದ ಇನ್ನೂ ಎವ್ಸ್ತಾತಿಗೆ ಜೈಕಾರ ಹಾಕುತ್ತಲೇ ಇದ್ದರು. ಅವನು ಟೋಪಿ ತೆಗೆದು ಬೀಸಿದ. ಗೆಲುವು ಗೆಲುವೇ, ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಕಾರು ಹೊರಟಿತು. ಹಿಂದಿನ ಸೀಟಿನಿಂದ ಬಿಲ್ಯಾನಾ ಮುಂದಕ್ಕೆ ಬಾಗಿ ಅಪ್ಪನ ಭುಜದ ಮೇಲೆ ಕೈಯಿಟ್ಟಳು.

"ಬೇಜಾರು ಮಾಡ್ಕೋಬೇಡ ಅಪ್ಪಾ. ಗೆದ್ದಿದ್ದು ನೀನೇ ಅಲ್ವಾ?"

"ಅದೇ ಕಣಮ್ಮಾ ತಪ್ಪಾಗಿದ್ದು," ಎಂದ ಎವ್ಸ್ತಾತಿ. "ಸೋತಿದ್ರೆ ಕೆಂಪೀನೂ ಕೆಳಗೇ ಇರ್ತಿತ್ತು."