ಭಾವನ ಸೈಟೇಶನ್

ನಮ್ಮ ಭಾವನ ಪ್ರಕಾರ ಈ ಪ್ರಪಂಚದಲ್ಲಿರುವುದು ಎರಡೇ ಬಗೆಯ ಜನ: ಅವರ ಸಂಶೋಧನೆಯನ್ನು ಉಲ್ಲೇಖಿಸಿದವರು ಮತ್ತು ಇನ್ನೂ ಉಲ್ಲೇಖಿಸಬೇಕಾದವರು! ನಾನು ಅವರ ಹೆಂಡತಿಯ ತಂಗಿ. ಜಾಲ್ಸೂರಿನಲ್ಲಿ ರವಿಕೆ ಹೊಲಿಯುವವಳಾದರೂ ಎರಡನೇ ಪಟ್ಟಿಯಲ್ಲಿದ್ದೇನೆ. ಭಾವ ಇನ್ನೂ ಆಸೆ ಬಿಟ್ಟಿಲ್ಲ.

ಭಾವ ಸುಳ್ಯದಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ಕ್ಯಾನ್ಸರ್ ಬಂದವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದೇ ಅವರ ಸಂಶೋಧನೆ. ಅವರು ಬರೆದ ಪ್ರಬಂಧವನ್ನು ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಹೆಸರಿಸಿದರೆ ಅದೊಂದು ಸೈಟೇಶನ್. ಊರಿನವರು ಬೆಳಿಗ್ಗೆ ಎದ್ದು ಅಡಿಕೆ ರೇಟು ನೋಡಿದರೆ ಇವರು ನೋಡುವುದು ಸೈಟೇಶನ್. ಒಂದು ಏರಿತೋ, ಆ ದಿನ ಸಾಂಬಾರಿಗೆ ಉಪ್ಪು ಹೆಚ್ಚಾದರೂ ಅಕ್ಕನಿಗೆ ಮಾಫಿ!

ಒಮ್ಮೆ ಪಾಯಸ ಮಾಡಿಸಿ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಬ್ರೆಜಿಲ್ ದೇಶದ ಯಾರೋ ಉಲ್ಲೇಖಿಸಿದ್ದಾರಂತೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅಕ್ಕ ಅದನ್ನು ಓದಿ ನೋಡಿದಳು.

"ಇದರಲ್ಲಿ ನೀವು ಹೇಳಿದ್ದು ಪೂರ್ತಿ ತಪ್ಪು ಅಂತ ಬರ್ದದ್ದಲ್ವಾ?"

"ಹೌದು. ಬೈಲಿಕ್ಕಾದ್ರೂ ಓದಿದ್ದಾರಲ್ಲ ಮಾರಾಯ್ತಿ! ನಿನ್ನ ಅಣ್ಣ ಅದೂ ಮಾಡ್ಲಿಲ್ಲ."

ಅಣ್ಣ ತಲೆ ಎತ್ತದೆ ಇನ್ನೊಂದು ಸೌಟು ಹಾಕಿಸಿಕೊಂಡ.

ತಮ್ಮ ಮಗಳ ಮದುವೆ ಕಾಗದ ಬರೆದವರೂ ಭಾವನೇ. ಸಂಶೋಧನೆಯವರಲ್ಲಿ ಹೆಚ್ಚು ದುಡಿದವರ ಹೆಸರು ಮೊದಲು, ಹಿರಿಯರದು ಕೊನೆಗೆ ಹಾಕುವ ಕ್ರಮವಂತೆ. ಕಾಗದವೂ ಹಾಗೇ ಅಚ್ಚಾಯಿತು. ಮೊದಲ ಹೆಸರು ಅಡುಗೆ ಭಟ್ಟರದು! ಕುಟುಂಬಕ್ಕೇ ಹಿರಿಯರಾದ ಕೋಡಿಂಬಾಳದ ದೊಡ್ಡಮಾವ ಕಟ್ಟಕಡೆಗೆ, ಪ್ರೆಸ್ಸಿನ ಹೆಸರಿನ ನೆತ್ತಿಯ ಮೇಲೆ.

"ಕೊನೆಯ ಹೆಸರಿಗೇ ಮರ್ಯಾದೆ ಹೆಚ್ಚು ಮಾವ!"

"ಹಾಗಾದ್ರೆ ಊಟಕ್ಕೂ ಕೊನೆಯ ಪಂಕ್ತಿಗೇ ಬರ್ತೇನೆ."

ಬಂದರು ಕೂಡ, ಹೋಳಿಗೆ ಮುಗಿದ ಮೇಲೆ. ಆ ಸಿಟ್ಟು ಇಳಿಯಲು ಒಂದು ಮಳೆಗಾಲ ಬೇಕಾಯಿತು.

ಆಮೇಲೆ ನನ್ನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಪರೀಕ್ಷೆಗೆ ಕೊಟ್ಟು ರಿಪೋರ್ಟಿಗೆ ಕಾಯುವ ದಿನಗಳು. ನಮ್ಮಲ್ಲಿ ಆ ಕಾಯಿಲೆಯ ಹೆಸರು ಹೇಳುವ ಕ್ರಮವಿಲ್ಲ, 'ಅದು' ಅನ್ನುತ್ತೇವೆ. ಪುತ್ತೂರಿನಿಂದ, ಕಡಬದಿಂದ ನೆಂಟರು ಕಿತ್ತಳೆ ಹಿಡಿದುಕೊಂಡು ಬಂದರು. "ಎಂತದೂ ಆಗುದಿಲ್ಲ" ಎಂದು ಹೇಳಿ, ರಸ್ತೆಯ ಗುಂಡಿಯ ವಿಷಯ ಮಾತಾಡಿ ಹೋದರು. ಪ್ರೀತಿಯಿಂದಲೇ ಬಂದವರು, ದೂರುವುದಿಲ್ಲ. ಆದರೆ ಅವರು ಎದ್ದು ಹೋದಾಗಲೆಲ್ಲ ನಾನು ಇನ್ನಷ್ಟು ಒಂಟಿಯಾಗುತ್ತಿದ್ದೆ.

ಒಂದು ಮಧ್ಯಾಹ್ನ ಭಾವ ಬಂದರು. ಇನ್ನು ಪಾಠ ಶುರು, ದೇವರೇ ಗತಿ ಅಂದುಕೊಂಡೆ. ಅವರು ಹೊಲಿಗೆ ಮೆಷಿನಿನ ಎದುರು ಸ್ಟೂಲು ಎಳೆದು ಕುಳಿತರು.

"ಕ್ಯಾನ್ಸರ್ ಇರ್ಬಹುದು ಅಂತ ಹೆದರಿಕೆ ಆಗ್ತಾ ಉಂಟಾ?"

ನೆಂಟರಲ್ಲಿ ಆ ಶಬ್ದವನ್ನು ನನ್ನೆದುರು ಹೇಳಿದವರು ಅವರೊಬ್ಬರೇ. ಅಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಬಂತು.

"ನಾನೀಗ ಎಂತ ಮಾಡ್ಬೇಕು ಭಾವ? ನೀವು ಅಷ್ಟೆಲ್ಲ ಬರ್ದಿದ್ದೀರಲ್ಲ!"

"ಬರ್ದದ್ದು ಉಂಟು. ಈಗ ಒಂದೂ ನೆನಪಿಗೆ ಬರುದಿಲ್ಲ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಂಗೂ ಹೆದರಿಕೆ ಆಗ್ತಾ ಉಂಟು ಮಾರಾಯ್ತಿ."

ಅದಕ್ಕಿಂತ ದೊಡ್ಡ ಧೈರ್ಯವನ್ನು ನನಗೆ ಯಾರೂ ಹೇಳಿರಲಿಲ್ಲ. ರಿಪೋರ್ಟು ಬಂತು, ಕ್ಯಾನ್ಸರೇ. ಆಪರೇಷನ್, ಕೀಮೋ, ಎಲ್ಲದಕ್ಕೂ ಮಂಗಳೂರಿಗೆ ಕಾರು ಬಿಟ್ಟವರು ಭಾವ. ಹೊರಗಿನ ಬೆಂಚಿನಲ್ಲಿ ಕಾದವರೂ ಅವರೇ. ಈಗ ನಾನು ಆರಾಮಿದ್ದೇನೆ. ಈ ಋಣ ತೀರುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ಮೊನ್ನೆ ಅಕ್ಕ ಒಂದು ವಿಷಯ ಹೇಳಿದಳು. ಭಾವನ ಪ್ರಕಟಣೆಗಳ ಪಟ್ಟಿಯಲ್ಲಿ ಆ ಒಂದು ವರ್ಷ ಮಾತ್ರ ಖಾಲಿಯಂತೆ, ಒಂದೇ ಒಂದು ಪ್ರಬಂಧವಿಲ್ಲ. ಕಾಲೇಜಿನವರು ಕಾರಣ ಕೇಳಿದ್ದಕ್ಕೆ, ಮನೆಯಲ್ಲಿ ಸ್ವಲ್ಪ ಕೆಲಸ ಇತ್ತು ಎಂದು ಬರೆದುಕೊಟ್ಟಿದ್ದಾರಂತೆ.

ಆ ಸ್ವಲ್ಪ ಕೆಲಸವೇ ಇವತ್ತು ಕುಳಿತು ಇದನ್ನು ಬರೆಯುತ್ತಿದೆ.